ಕಾಲು ನಿಲ್ಲಿಸಬಾರದ ಸೈಕಲ್ಲು

ಮೊನ್ನೆ ಆಫೀಸಿನ ಲಿಫ್ಟಿನಲ್ಲಿ ಚೈನಿನ ಎಣ್ಣೆಯ ವಾಸನೆ ಬಂತು. ನಮ್ಮ ಲಿಫ್ಟಿನಲ್ಲಿ ಸಾಮಾನ್ಯವಾಗಿ ಬರುವುದು ಸೆಂಟಿನ ಘಮ, ಇಲ್ಲದಿದ್ದರೆ ಯಾರದೋ ಊಟದ ಡಬ್ಬಿಯ ಹುಳಿಯ ವಾಸನೆ. ಇದೇನಪ್ಪ ಅಂತ ತಿರುಗಿ ನೋಡಿದರೆ ಅಕೌಂಟ್ಸ್ ವಿಭಾಗಕ್ಕೆ ಹೊಸದಾಗಿ ಸೇರಿದ ನವೀನ ನಿಂತಿದ್ದ. ಕಂಕುಳಲ್ಲಿ ಹೆಲ್ಮೆಟ್ಟು, ಬೆರಳ ತುದಿಗಳೆಲ್ಲ ಕಪ್ಪು. ಕೈಕುಲುಕಲು ಬಂದವನು ತನ್ನ ಕೈ ತಾನೇ ನೋಡಿಕೊಂಡು ಹಿಂದಕ್ಕೆಳೆದುಕೊಂಡ.

"ಸಾರ್, ನೀವು ಫಿಕ್ಸಿ ಓಡಿಸ್ತಿದ್ರಂತೆ? ನಂಗೂ ಒಂದು ಬೇಕು ಸಾರ್, ಇದೇ ಫಸ್ಟು. ರೆಡಿ ಇರೋದು ಕೊಂಡ್ಕೊಳ್ಳೋದಾ, ನಾವೇ ಕಟ್ಕೊಳ್ಳೋದಾ ಅಂತ ತಲೆ ಕೆಟ್ಟೋಗಿದೆ. ನೀವೇನಂತೀರ?"

"ಯೋಚ್ನೆ ಮಾಡಿ ಹೇಳ್ತೀನಿ ಕಣಪ್ಪ" ಎಂದು ನನ್ನ ಮಹಡಿ ಬಂದ ಕೂಡಲೇ ಇಳಿದುಬಿಟ್ಟೆ. ಉತ್ತರ ಗೊತ್ತಿಲ್ಲ ಅಂತಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ನಮ್ಮ ಮಾವನವರ ವಿಷಯ ಹೇಳಬೇಕು, ಅವರ ವಿಷಯ ಲಿಫ್ಟಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ನಿಮಗಾದರೆ ಬಿಡುವಿದೆ, ಕೂತುಕೊಳ್ಳಿ, ಹೇಳುತ್ತೇನೆ.

ಮೊದಲು ಈ ಫಿಕ್ಸಿ ಅಂದರೇನು ಎಂದು ತಿಳಿಸಿಬಿಡಬೇಕು. ಇಲ್ಲದಿದ್ದರೆ ನೀವೂ ನನ್ನ ಹೆಂಡತಿಯ ಹಾಗೆ "ಬದಲಾಯಿಸೋಕೆ ಗೇರೇ ಇಲ್ವಲ್ರೀ, ಮತ್ತೆ ಫಿಕ್ಸೆಡ್ ಗೇರ್ ಅಂತ ಯಾಕೆ ಬಡಾಯಿ" ಅಂತ ಶುರುಮಾಡುತ್ತೀರಿ. ನಾವು ನೀವು ಚಿಕ್ಕಂದಿನಲ್ಲಿ ಓಡಿಸಿದ ಸೈಕಲ್ಲನ್ನು ನೆನಪು ಮಾಡಿಕೊಳ್ಳಿ. ಏರಿನಲ್ಲಿ ಏದುಸಿರು ಬಿಡುತ್ತ ತುಳಿಯುವುದು, ಇಳಿಜಾರು ಬಂದ ಕೂಡಲೇ ಕಾಲು ನಿಲ್ಲಿಸಿ ಹಾಯಾಗಿ ಕೂರುವುದು. ಸೈಕಲ್ಲು ತನ್ನ ಪಾಡಿಗೆ ತಾನು ಟಿಕಟಿಕ ಅಂತ ಹೋಗುತ್ತಿರುತ್ತದೆ. ಫಿಕ್ಸಿಯಲ್ಲಿ ಆ ಹಾಯಿ ಇಲ್ಲ. ಹಿಂದಿನ ಚಕ್ರಕ್ಕೂ ಪೆಡಲಿಗೂ ಗಂಟು ಬಿದ್ದಿರುತ್ತದೆ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಪೆಡಲು ತಿರುಗುವಷ್ಟು ಹೊತ್ತೂ ನಿಮ್ಮ ಕಾಲು ತಿರುಗಬೇಕು. ನಿಧಾನ ಮಾಡಬೇಕಾದರೂ ಕಾಲಿನಿಂದಲೇ ಪೆಡಲನ್ನು ಒತ್ತಿಹಿಡಿಯಬೇಕು.

ಇಷ್ಟು ಕಷ್ಟ ಯಾರಿಗೆ ಬೇಕು ಎನ್ನುತ್ತೀರಾ? ನನಗೆ ಬೇಕಾಗಿತ್ತು. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಲವತ್ತು ಹತ್ತಿರ ಬಂದಿತ್ತು, ಹೊಟ್ಟೆ ಅದಕ್ಕೂ ಮುಂಚೆ ಬಂದಿತ್ತು. ಒಂದು ದಿನ ಸ್ಕೂಟರಿನಲ್ಲಿ ಹೆಬ್ಬಾಳದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕದಲ್ಲಿ ಒಬ್ಬ ಯುವಕ ಇಂಥ ಸೈಕಲ್ಲಿನ ಮೇಲೆ ಕಾಲು ನೆಲಕ್ಕೆ ಊರದೆ, ಒಂದಿಷ್ಟು ಹಿಂದಕ್ಕೆ ಒಂದಿಷ್ಟು ಮುಂದಕ್ಕೆ ಅಲುಗುತ್ತ, ನಿಂತಲ್ಲೇ ನಿಂತಿದ್ದ. ಹಸಿರು ದೀಪ ಬಂದು ಹಿಂದಿನವರು ಹಾರನ್ ಹೊಡೆದು ಬೈಯುವವರೆಗೂ ನಾನು ಬಾಯಿಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ತಿಳಿನೀಲಿ ಬಣ್ಣದ್ದು, ಅಂಗಡಿಯಿಂದ ಹೊಚ್ಚಹೊಸದು, ಬ್ರೇಕಿಲ್ಲದ್ದು.

ಈಗ ಮಾವನವರ ವಿಷಯ. ನನ್ನ ಹೆಂಡತಿ ಭಾಗ್ಯ ಸಿಂಗಾಪುರದವಳು. ವಿಮಾನದಲ್ಲಿ ಹೋಗುವ ಸಿಂಗಾಪುರವಲ್ಲ, ವಿದ್ಯಾರಣ್ಯಪುರದ ಪಕ್ಕದ್ದು. ಅವರದು ಅಲ್ಲಿನ ಹಳೇ ಒಕ್ಕಲು ಮನೆತನ. ಸೊಪ್ಪು, ಹುರುಳಿಕಾಯಿ ಬೆಳೆಯುತ್ತಿದ್ದ ಜಮೀನಿನಲ್ಲಿ ಬಹುಪಾಲು ಲೇಔಟಾಗಿ ಹೋಯಿತು. ಉಳಿದ ಜಾಗದಲ್ಲಿ ಮಾವನವರು ಬಾಡಿಗೆ ಮನೆಗಳನ್ನು ಕಟ್ಟಿಸುತ್ತ ಹೋದರು. ನಾನೋ ಗಂಗಾನಗರದ ಗುಮಾಸ್ತರ ಮನೆಯಲ್ಲಿ ತಿಳಿಸಾರು ಉಂಡು ಬೆಳೆದವನು. ಜಾತಿ ಬೇರೆ, ಅಡುಗೆ ಬೇರೆ, ಹಬ್ಬಗಳೂ ಅರ್ಧಕ್ಕರ್ಧ ಬೇರೆ. ನಾನೂ ಭಾಗ್ಯಳೂ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಮದುವೆಯಾದೆವು. ಮಾವನವರು ಬರಲಿಲ್ಲ. ವರ್ಷ ಕಳೆದ ಮೇಲೆ ಅತ್ತೆ ಹಟ ಹಿಡಿದು ನಮ್ಮನ್ನು ಊಟಕ್ಕೆ ಕರೆಸಿಕೊಂಡರು. ಅಲ್ಲಿಂದಾಚೆ ಪ್ರತಿ ಭಾನುವಾರ ಮಧ್ಯಾಹ್ನದ ಊಟ ಸಿಂಗಾಪುರದಲ್ಲೇ.

ಮಾವನವರು ಬೈಯಲಿಲ್ಲ, ಹಂಗಿಸಲಿಲ್ಲ, ಮರ್ಯಾದೆಗೆ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಆದರೆ ನನ್ನ ಹತ್ತಿರ ಮಾತಾಡಲಿಲ್ಲ. ಏನು ಕೇಳುವುದಿದ್ದರೂ ಮಗಳ ಮೂಲಕ. ನಾನು ಎದುರಿಗೇ, ಒಂದು ಮೊಳದ ದೂರದಲ್ಲಿ ಕೂತಿರುತ್ತಿದ್ದೆ.

"ನಿಮ್ಮೆಜಮಾನ್ರು ಇನ್ನೊಂದು ಮುದ್ದೆ ಆಕ್ಸ್ಕೊಂತಾರಾ ಕೇಳವ್ವ."

ಭಾಗ್ಯ ನನ್ನ ಕಡೆ ತಿರುಗುವಳು. "ಮುದ್ದೆ ಬೇಕಾ ಅಂತೆ."

"ಸಾಕಂತೆ ಅಂತ ಹೇಳು."

"ಸಾಕಂತೆ ಅಪ್ಪಾ."

"ಅರ್ಧ ಆದ್ರೂ ಆಕ್ಸ್ಕೊಳ್ಳಿ ಅನ್ನು."

ಹೀಗೆ ಒಂದು ಮುದ್ದೆಯ ಮೇಲೆ ಮಾತು ನಾಲ್ಕು ಸಲ ಹೋಗಿ ನಾಲ್ಕು ಸಲ ಬರುತ್ತಿತ್ತು. ಭಾಗ್ಯ ಉಪ್ಪಿನಕಾಯಿಗೆಂದು ಒಳಗೆ ಎದ್ದುಹೋದರೆ ನಮ್ಮಿಬ್ಬರಿಗೂ ಗ್ರಹಚಾರ. ಅವರು ಟಿವಿ ನೋಡುವರು, ನಾನು ಮಜ್ಜಿಗೆ ನೋಡುವೆ. ಒಮ್ಮೆ ಅವಳು ಪಕ್ಕದ ಮನೆಗೆ ಹೋಗಿದ್ದಾಗ ಸೊಳ್ಳೆ ವಿಪರೀತವಾಗಿ, ಅವರು ಗೋಡೆಯನ್ನು ನೋಡುತ್ತ "ಫ್ಯಾನ್ ಆಕ್ಕೊಂಡ್ರೆ ವಾಸಿ" ಎಂದರು. ನಾನೂ ಗೋಡೆಗೇ "ಹೌದು" ಎಂದು ಎದ್ದು ಸ್ವಿಚ್ಚು ಒತ್ತಿದೆ.

ಈಗ ಹೇಳುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಮದುವೆಯಾಗಿ ಎಂಟು ವರ್ಷವಾಗಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ತಿರುಗಿಸಿಯಾದರೂ ಬೈಯಬಹುದಿತ್ತು. ಇದು ಹಾಗಲ್ಲ. ಬಡಿಸಿದ ಎಲೆಯ ಮುಂದೆ ಕೂತಾಗಲೆಲ್ಲ ನಾನು ಈ ಮನೆಯವನಲ್ಲ ಅಂತ ಅನ್ನಿಸುತ್ತಿತ್ತು. ನನಗೆ ಬೇಕಾಗಿದ್ದದ್ದು ಬಹಳವೇನೂ ಅಲ್ಲ. ಆ ಮನುಷ್ಯ ಒಂದು ಸಲ ನನ್ನ ಮುಖ ನೋಡಿ, ನನ್ನನ್ನೇ, ಏನಾದರೂ ಒಂದು ಮಾತು ಕೇಳಬೇಕು. ಭಾಗ್ಯಳಿಗೂ ಅದೇ ಕೊರಗು. ಹೇಳಿಕೊಳ್ಳುತ್ತಿರಲಿಲ್ಲ, ವಾಪಸು ಬರುವ ದಾರಿಯಲ್ಲಿ ಸ್ಕೂಟರಿನ ಹಿಂದೆ ಸುಮ್ಮನೆ ಕೂತಿರುತ್ತಿದ್ದಳು.

ಅಂಥ ಒಂದು ಭಾನುವಾರ, ಊಟದ ಹೊತ್ತಿನಲ್ಲಿ, ಭಾಗ್ಯ ನನ್ನ ಮೇಲೆ ಚಾಡಿ ಹೇಳಿದಳು. "ನೋಡಪ್ಪ, ಇವ್ರು ಈ ವಯಸ್ನಲ್ಲಿ ಸೈಕಲ್ ತಗೋತಾರಂತೆ. ಅದೂ ಕಾಲು ನಿಲ್ಲಿಸಿದ್ರೆ ಎತ್ತಿ ಒಗೆಯೋ ಸೈಕಲ್ಲು!" ಎಂದು ನನ್ನ ಮೊಬೈಲು ಕಿತ್ತು ಆ ತಿಳಿನೀಲಿ ಚಿತ್ರವನ್ನು ತೋರಿಸಿಯೇಬಿಟ್ಟಳು.

ಮಾವನವರು ಎಡಗೈಯಲ್ಲಿ ಮೊಬೈಲು ಹಿಡಿದು ಬಹಳ ಹೊತ್ತು ನೋಡಿದರು. "ರೆಡಿ ತಗೊಂಬತ್ತಾರಂತಾ?"

"ಹೂಂ, ರೆಡಿ."

"ಥೂ!" ಎಂದರು.

ಈ 'ಥೂ'ವಿನ ಹಿನ್ನೆಲೆ ನಿಮಗೆ ಗೊತ್ತಾಗಬೇಕು. ಬೆಂಗಳೂರಿನಲ್ಲಿ ಮನುಷ್ಯರು ಎರಡು ಬಗೆ. ಕಟ್ಟಿದ ಮನೆ ಕೊಳ್ಳುವವರು, ಸೈಟು ಕೊಂಡು ಮನೆ ಕಟ್ಟಿಸುವವರು. ಈ ಎರಡು ಪಂಗಡದವರು ಒಂದು ಮದುವೆಮನೆಯಲ್ಲಿ ಎದುರುಬದುರು ಸಿಕ್ಕರೆ ಪಾಯಸ ಆರಿಹೋದರೂ ಮಾತು ಮುಗಿಯುವುದಿಲ್ಲ. ಕೊಂಡವರು ನೀರು, ಲಿಫ್ಟು, ಸೆಕ್ಯೂರಿಟಿ ಎನ್ನುತ್ತಾರೆ. ಕಟ್ಟಿಸಿದವರು ಇಟ್ಟಿಗೆ, ಕಂಬಿ, ಕ್ಯೂರಿಂಗು ಎನ್ನುತ್ತಾರೆ. ನಮ್ಮ ಮಾವನವರು ಎರಡನೇ ಪಂಗಡದ ಪೀಠಾಧಿಪತಿ. ಹೆಬ್ಬಾಳದ ಹತ್ತಿರ ಒಂದು ಫ್ಲ್ಯಾಟು ನೋಡೋಣವೇ ಎಂದು ನಾವು ಹಿಂದೊಮ್ಮೆ ಬಾಯಿಬಿಟ್ಟಾಗ, "ಕಟ್ಟಿರೋ ಗೋಡೆ ಒಳಗೆ ಏನ್ ತುಂಬವ್ರೆ ಅಂತ ಯಾವನಿಗ್ಗೊತ್ತು ಅಂತ ಕೇಳವ್ವ ನಿಮ್ಮೆಜಮಾನ್ರನ್ನ" ಎಂದಿದ್ದರು. ಆ ಮಾತು ಅಲ್ಲಿಗೇ ನಿಂತಿತು, ಇವತ್ತಿಗೂ ನಾವು ಬಾಡಿಗೆ ಮನೆಯಲ್ಲೇ ಇದ್ದೇವೆ.

'ಥೂ' ಎಂದವರು ಕೈತೊಳೆದು ಹಿತ್ತಲ ಕಡೆ ಹೋದರು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಿಂದ ಒಂದು ಕರೀ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಜೇಡರ ಬಲೆ, ಧೂಳು, ಟೈರು ಸೀಳಿ ನೇತಾಡುತ್ತಿತ್ತು. ಕಂಬಕ್ಕೆ ಒರಗಿಸಿ, ಹೆಗಲ ಮೇಲಿನ ಟವೆಲಿನಿಂದ ಸೀಟು ಒರೆಸಿದರು. "ಇದ್ರಾಗೆ ಏನಾರ ಕಟ್ಕೊಳಕಾಯ್ತದಾ ಅಂತ ಕೇಳವ್ವ."

ಭಾಗ್ಯ ಕೇಳಲಿಲ್ಲ. ಅವಳ ಮುಖ ನೋಡಿದೆ, ಕಣ್ಣಲ್ಲಿ ನೀರಿತ್ತು. ಅದೇ ಸೈಕಲ್ಲಿನಲ್ಲಿ ಅವರು ಬೆಳಗಿನ ಜಾವ ಯಶವಂತಪುರದ ಮಾರುಕಟ್ಟೆಗೆ ಸೊಪ್ಪು ಹಾಕಿ ಬಂದು, ಆಮೇಲೆ ಅವಳನ್ನು ಮುಂದಿನ ಕಂಬಿಯ ಮೇಲೆ ಟವೆಲು ಸುತ್ತಿ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದರಂತೆ.

ನಿಜ ಹೇಳುತ್ತೇನೆ, ನನಗೆ ಬೇಜಾರಾಯಿತು. ತಿಳಿನೀಲಿ ಹೋಗಿ ಈ ಕರೀ ಕಬ್ಬಿಣ ಬಂತಲ್ಲಪ್ಪ ಅಂತ. ಬೇಡ ಎಂದು ಹೇಳಲು ನೆಪವಾದರೂ ಸಿಗುತ್ತದಾ ಎಂದು ಬಗ್ಗಿ ನೋಡಿದೆ. ಹಾಳಾದ್ದು, ಅದೂ ಸಿಗಲಿಲ್ಲ. ಫಿಕ್ಸಿಯಲ್ಲಿ ಚೈನು ಸಡಿಲವೂ ಇರಬಾರದು, ತೀರಾ ಬಿಗಿಯೂ ಇರಬಾರದು. ಅದಕ್ಕೆ ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ಕೂರಿಸಲು ಜಾಗ ಇರಬೇಕು. ಈಗಿನ ಗೇರ್ ಸೈಕಲ್ಲುಗಳಲ್ಲಿ ಆ ಜಾಗ ಇರುವುದು ಅಪರೂಪ. ಈ ಹಳೇ ಕರೀ ಸೈಕಲ್ಲುಗಳಲ್ಲಿ ಹೇಳಿ ಮಾಡಿಸಿದ ಹಾಗೆ ಇರುತ್ತದೆ. ಅದೂ ಅಲ್ಲದೆ, ಎಂಟು ವರ್ಷದಲ್ಲಿ ಆ ಮನುಷ್ಯ ನನಗೆ ಅಂತ ಹೊರಗೆ ತಂದ ಮೊದಲನೇ ವಸ್ತು ಅದು. "ಆಗತ್ತಂತೆ ಅಂತ ಹೇಳು" ಎಂದೆ.

ಅಲ್ಲಿಂದ ನಮ್ಮ ಭಾನುವಾರಗಳು ಕೊಟ್ಟಿಗೆಯ ಮುಂದೆ ಶುರುವಾದವು. ಗಂಟು ಬೀಳುವಂಥ ಹಿಂದಿನ ಚಕ್ರ, ಹೊಸ ಚೈನು, ಟೈರುಗಳನ್ನು ನಾನು ತಂದೆ. ತುಕ್ಕು ಉಜ್ಜುವುದು, ಬಣ್ಣ ಬಳಿಯುವುದು ಅವರದು. ನನ್ನ ಕಸುಬು ಮೊಬೈಲಿನಲ್ಲಿ ವಿಡಿಯೋ ನೋಡಿ ನಟ್ಟು ತಿರುಗಿಸುವುದು, ಅವರ ಕಸುಬು ನಾನು ತಿರುಗಿಸಿದ್ದನ್ನು ಬಿಚ್ಚಿ ಇನ್ನೊಂದು ಸಲ ತಿರುಗಿಸುವುದು. ಮಧ್ಯೆ ಕಲ್ಲಿನ ಮೇಲೆ ಭಾಗ್ಯ. "ಹನ್ನೆರಡರ ಸ್ಪ್ಯಾನರ್ ಕೊಡ್ಬೇಕಂತೆ." "ಚಕ್ರ ಎತ್ತಿ ಹಿಡೀಬೇಕಂತೆ." ಮೂರನೇ ವಾರಕ್ಕೆ ಅವಳು ರೇಗಿ, "ನನ್ನೇನು ಟೆಲಿಫೋನ್ ಎಕ್ಸ್‌ಚೇಂಜ್ ಅಂದ್ಕೊಂಡಿದ್ದೀರಾ ಇಬ್ರೂ? ಏನಾದ್ರೂ ಮಾಡ್ಕೊಳಿ" ಎಂದು ಒಳಗೆ ಹೋಗಿ ಮಲಗಿಬಿಟ್ಟಳು.

ಹಾಗಾದರೂ ಮಾತು ಬರಬೇಕಿತ್ತಲ್ಲ? ಬರಲಿಲ್ಲ. ಅವರು ಸೈಕಲ್ಲಿನ ಜೊತೆ ಮಾತಾಡಲು ಶುರುಮಾಡಿದರು. "ಏನ್ಲಾ ಇದು, ಎಡಕ್ಕೆ ವಾಲ್ತೀಯಲ್ಲ." ನಾನೂ ಸೈಕಲ್ಲಿಗೇ ಹೇಳಿದೆ, "ಒಂದು ಸ್ವಲ್ಪ ಬಲಕ್ಕೆಳೆದರೆ ಸರಿಹೋಗ್ತೀಯ." ಅವರು ಬಲಕ್ಕೆಳೆದರು. ಸರಿಹೋಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಚಕ್ರವನ್ನು ನೋಡಿ ನಕ್ಕೆವು. ಆ ನಗು ನನಗೆ ಇವತ್ತಿಗೂ ಇಷ್ಟ.

ಜಗಳವಾದದ್ದು ಬ್ರೇಕಿನ ವಿಷಯಕ್ಕೆ. ಅಪ್ಪಟ ಫಿಕ್ಸಿಗೆ ಬ್ರೇಕು ಇರಬಾರದು, ಅದೇ ಅದರ ಗತ್ತು ಎಂದು ನಾನು ಎಲ್ಲೋ ಕೇಳಿದ್ದೆ. ಸಿಟ್ಟಿಳಿದು ಮತ್ತೆ ಕಲ್ಲಿನ ಮೇಲೆ ಬಂದು ಕೂತಿದ್ದ ಭಾಗ್ಯಳ ಮೂಲಕ ಹಾಗೆಂದು ಹೇಳಿಕಳಿಸಿದೆ. ಮಾವನವರು ಕೈಯಲ್ಲಿದ್ದ ಚಿಂದಿಬಟ್ಟೆಯನ್ನು ನೆಲಕ್ಕೊಗೆದರು. "ಬ್ರೇಕಿಲ್ದೆ ಓಡ್ಸೋರಿಗೆ ನಾನು ಮಗಳನ್ನ ಕೊಟ್ಟಿಲ್ಲ ಅಂತ ಏಳವ್ವ!"

ಮುಂದಿನ ಚಕ್ರಕ್ಕೆ ಬ್ರೇಕು ಬಂತು. ಆ ಸಂಜೆ ಗಂಗಾನಗರಕ್ಕೆ ಬರುವಾಗ ಭಾಗ್ಯ ಸ್ಕೂಟರಿನ ಹಿಂದೆ ಸುಮ್ಮನೆ ಕೂರಲಿಲ್ಲ. "ಕೊಟ್ಟಿದ್ದು ಯಾವಾಗಂತೆ ರೀ? ನಾನೇ ಅಲ್ವಾ ಎದ್ದುಬಂದಿದ್ದು? ಈಗ ಕೊಟ್ಟ ಲೆಕ್ಕ ಹಾಕ್ತಾರೆ ನೋಡಿ" ಎಂದು ದಾರಿಯುದ್ದಕ್ಕೂ ನಗುತ್ತಿದ್ದಳು. ನಗುತ್ತಲೇ ಅತ್ತಳು. ನನ್ನ ಅಂಗಿಯ ಬೆನ್ನೆಲ್ಲ ಒದ್ದೆ.

ಕೊನೆಗೂ ಸೈಕಲ್ಲು ತಯಾರಾಯಿತು. ಕರೀ ಬಣ್ಣ ಮಿರಮಿರ ಹೊಳೆಯುತ್ತಿತ್ತು, ಒಳ್ಳೇ ಹುಡುಗನ ಹಾಗೆ ನಿಂತಿತ್ತು. ಆದರೆ ಕಟ್ಟಿಸಿದವರು ಯಾರು? ಮಾವನವರು. ಅವರು ಕಟ್ಟಿಸಿದ ಯಾವುದಕ್ಕೂ ಪೂಜೆಯಿಲ್ಲದೆ ಪ್ರವೇಶವಿಲ್ಲ. ಅರಿಶಿನ ಕುಂಕುಮ, ಕರ್ಪೂರ, ಚಕ್ರದ ಕೆಳಗೆ ನಿಂಬೆಹಣ್ಣು. ಇವೆಲ್ಲ ಸರಿ. ಮೇಲೆ ಒಂದು ಚೆಂಡುಹೂವಿನ ಹಾರ. ಲಾರಿಗೆ ಸಾಲುವಷ್ಟು ಉದ್ದ. ಅದನ್ನು ಹ್ಯಾಂಡಲ್ಲಿಗೆ ಎರಡು ಸುತ್ತು ಸುತ್ತಿ, ಕಂಬಿಯ ಮೇಲೆ ಇಳಿಬಿಟ್ಟು, ತುದಿಯನ್ನು ಸೀಟಿನ ಕೆಳಗೆ ಸಿಕ್ಕಿಸಿದರು. ನಮ್ಮೂರಿನಲ್ಲಿ ಹಾರವಿಲ್ಲದೆ ಯಾವ ಹೊಸ ಗಾಡಿ ಹೊರಟಿದೆ ಹೇಳಿ? ಕಾಲೂ ಚೈನೂ ಒಂದು ಗಳಿಗೆ ನಿಲ್ಲದ ಸೈಕಲ್ಲಿಗೆ ಹಾರ ಹಾಕಬಾರದು ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಅತ್ತೆ ಕಾಯಿ ಒಡೆದರು. ಬಾಡಿಗೆ ಮನೆಗಳವರೆಲ್ಲ ಬಾಲ್ಕನಿಯಲ್ಲಿ ನಿಂತಿದ್ದರು.

ನಿಂಬೆಹಣ್ಣು ಚಪ್ಪಟೆಯಾಯಿತು. ಹೊರಟೆ. ಮನೆಯಿಂದ ಕೆರೆಯ ಕಡೆಗೆ ರಸ್ತೆ ಇಳಿಜಾರು. ಮೊದಲು ಚೆನ್ನಾಗಿಯೇ ಇತ್ತು. ಚಪ್ಪಾಳೆಯೂ ಬಂತು. ಆಮೇಲೆ ಸೈಕಲ್ಲು ಓಡತೊಡಗಿತು, ಪೆಡಲುಗಳು ನನ್ನ ಕಾಲನ್ನು ಎಳೆದುಕೊಂಡು ಸುತ್ತತೊಡಗಿದವು. ನಾನು ತುಳಿಯುತ್ತಿದ್ದೇನೋ, ಅದೇ ನನ್ನನ್ನು ತುಳಿಸುತ್ತಿದೆಯೋ ಗೊತ್ತಾಗಲಿಲ್ಲ. ಆಗ ಚಿಕ್ಕಂದಿನ ಅಭ್ಯಾಸ ಕೆಲಸ ಮಾಡಿತು. ಇಳಿಜಾರಲ್ಲವೇ, ಕಾಲು ನಿಲ್ಲಿಸಿಬಿಟ್ಟೆ. ಪೆಡಲು ನಿಲ್ಲಲಿಲ್ಲ. ಸೀಟಿನಿಂದ ಒಂದು ಗೇಣು ಮೇಲಕ್ಕೆದ್ದು ಮತ್ತೆ ಕೆಳಕ್ಕೆ ಕುಕ್ಕರಿಸಿದೆ.

ಹಿಂದೆ ಕೂಗು ಕೇಳಿಸಿತು. "ಕಾಲ್ ನಿಲ್ಲಿಸ್ಬ್ಯಾಡಿ ಅಂತ ಏಳವ್ವಾ! ಏಳೇ ಬೇಗ!" ಭಾಗ್ಯಳೋ ಆರತಿ ತಟ್ಟೆ ಹಿಡಿದುಕೊಂಡು ಗೇಟಿನ ಹತ್ತಿರವೇ ಉಳಿದಿದ್ದಳು. ಹೇಳುವವರಿಲ್ಲ. ಕೂಗು ಇನ್ನೂ ಹತ್ತಿರ ಬಂತು. ಒಂದು ಸಲ ಹಿಂತಿರುಗಿ ನೋಡಿದರೆ ಮಾವನವರು ಪಂಚೆ ಮೇಲೆ ಕಟ್ಟಿಕೊಂಡು, ಬರಿಗಾಲಲ್ಲಿ, ಎರಡೂ ಕೈ ಬೀಸುತ್ತ ನನ್ನ ಹಿಂದೆ ಓಡಿ ಬರುತ್ತಿದ್ದಾರೆ.

"ಅಳಿಯಂದ್ರೇ! ಅಳಿಯಂದ್ರೇ! ತುಳೀರಿ! ನಿಲ್ಲಿಸ್ಬ್ಯಾಡ್ರೀ! ತುಳೀರೀ!"

ತುಳಿಯುತ್ತಿದ್ದೆನೋ ಏನೋ. ಅಷ್ಟರಲ್ಲಿ ಹಾರದ ತುದಿ ಕಳಚಿ ಚೈನಿಗೆ ಸಿಕ್ಕಿತು. ಚೆಂಡುಹೂವುಗಳು ಒಂದೊಂದಾಗಿ ಒಳಗೆ ಹೋದವು, ದಾರ ಸುತ್ತಿಕೊಂಡಿತು, ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು. ಸೈಕಲ್ಲು ಅಡ್ಡ ತಿರುಗಿತು, ನಾನು ಹಾರಿ, ಮಾವನವರೇ ಕಟ್ಟಿಸುತ್ತಿದ್ದ ಹೊಸ ಮನೆಯ ಮುಂದಿನ ಮರಳ ಗುಡ್ಡೆಯ ಮೇಲೆ ಬೆನ್ನಡಿಯಾಗಿ ಬಿದ್ದೆ. ಕೈಯಲ್ಲೇ ಬ್ರೇಕು ಇತ್ತು ಎಂಬುದು ನೆನಪಾದದ್ದು ಆಮೇಲೆ.

ಕಣ್ಣು ಬಿಟ್ಟರೆ ಮೇಲೆ ಮಾವನವರ ಮುಖ. ಮೈಯೆಲ್ಲ ಬೆವರು, ಉಸಿರು ಸಿಕ್ಕುತ್ತಿಲ್ಲ. "ಏನಾಯ್ತು? ಎಲ್ಲಿ ನೋವಾಗ್ತೈತೆ? ಕೈ ತೋರ್ಸಿ. ಕಾಲ್ ಮಡ್ಸಕಾಯ್ತದಾ?"

ನೋವೇನೂ ಅಷ್ಟಿರಲಿಲ್ಲ. ಅಭ್ಯಾಸಬಲ ನೋಡಿ, ಉತ್ತರವನ್ನು ಯಾರ ಕೈಗೆ ಕೊಡಲಿ ಅಂತ ಕತ್ತು ತಿರುಗಿಸಿ ಭಾಗ್ಯಳನ್ನು ಹುಡುಕುತ್ತಿದ್ದೆ.

"ಅವಳ್ನ ಯಾಕ್ ನೋಡ್ತೀರಿ!" ಎಂದು ಅವರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. "ಕೇಳ್ತಿರೋನು ನಾನು. ನನ್ತಾವ ಏಳ್ರೀ!"

"ಏನೂ ಆಗಿಲ್ಲ ಮಾವ" ಎಂದೆ. ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಅವರು ಪೆಟ್ಟಾಗಿದೆಯೆಂದೇ ತಿಳಿದು ನನ್ನ ಮೊಣಕಾಲು ಒತ್ತಿ ಒತ್ತಿ ನೋಡಿದರು.

ಭಾಗ್ಯ ಓಡಿ ಬರುವವರೆಗೆ ಇಬ್ಬರೂ ಆ ಮರಳಿನ ಮೇಲೆ ಕೂತಿದ್ದೆವು. ಅವರು ಚೈನಿನಿಂದ ದಾರವನ್ನು ಎಳೆಎಳೆಯಾಗಿ ಬಿಡಿಸುತ್ತಿದ್ದರು. ಬಿಡಿಸುತ್ತಲೇ ಹೇಳಿದರು, "ಮೊದ್ಲು ಕ್ವಾಪ ಇತ್ತು, ಸುಳ್ಯಾಕೇಳ್ಲಿ. ಆಮ್ಯಾಕೆ ಕ್ವಾಪ ಓಯ್ತು. ಅಷ್ಟೊತ್ಗೆ ಮಾತು ಬಿಟ್ಟು ಬಾಳ ದಿನ ಆಗೋಗಿತ್ತು. ಎಲ್ಲಿಂದ ಸುರು ಮಾಡ್ಬೇಕು ಅಂತ್ಲೇ ಗೊತ್ತಾಗ್ನಿಲ್ಲ."

ಎಂಟು ವರ್ಷ ನಾನು ಆ ಮೌನಕ್ಕೆ ಏನೇನೋ ಅರ್ಥ ಹಚ್ಚಿದ್ದೆ. ಇಷ್ಟೇ ಆಗಿತ್ತು ಅದು. ಪಾಪ, ಅವರಿಗೂ ದಾರಿ ಗೊತ್ತಿರಲಿಲ್ಲ.

ಆ ಸೈಕಲ್ಲನ್ನು ನಾನು ಬಹಳ ವರ್ಷ ಓಡಿಸಿದೆ. ಭಾರ ಅಂದರೆ ಭಾರ. ಹೆಬ್ಬಾಳದ ಏರಿನಲ್ಲಿ ಎಷ್ಟೋ ಸಲ ಇಳಿದು ತಳ್ಳಿದ್ದೇನೆ. ಬುದ್ಧಿ ಇದ್ದವರು ರೆಡಿ ಇರುವುದನ್ನು ಕೊಂಡುಕೊಳ್ಳುವುದೇ ವಾಸಿ, ನವೀನನಿಗೆ ಹಾಗೇ ಹೇಳುವವನಿದ್ದೇನೆ. ಅವನಿಗಿನ್ನೂ ಮದುವೆಯಾಗಿಲ್ಲ.

ಈಗ ಮಾವನವರಿಗೆ ಎಂಬತ್ತರ ಹತ್ತಿರ. ನನ್ನ ಜೊತೆ ಮಾತು ಧಾರಾಳ. ಕಷ್ಟ ಈಗ ಬೇರೆ ಕಡೆ ಬಂದಿದೆ. ಎರಡು ವಾರದ ಹಿಂದೆ ಅವರು ಮೊಪೆಡ್ಡಿನಿಂದ ಬಿದ್ದು ಮೊಣಕೈ ತರಚಿಕೊಂಡರು. ಭಾಗ್ಯ ಹೋದವಳೇ ಬಾಯಿಗೆ ಬಂದಂತೆ ಬೈದು, ಮೊಪೆಡ್ಡಿನ ಕೀ ಕಿತ್ತುಕೊಂಡು ಬಂದಳು. ಅಲ್ಲಿಂದ ಅಪ್ಪ ಮಗಳಿಗೆ ಮಾತಿಲ್ಲ. ಏನಿದ್ದರೂ ನನ್ನ ಮೂಲಕ. ನಾನೂ ಮೊದಮೊದಲು ಹೆಮ್ಮೆಯಿಂದಲೇ ಆ ಕೆಲಸ ಮಾಡಿದೆ ಅನ್ನಿ.

ಲಿಫ್ಟಿನಲ್ಲಿ ನವೀನ ಸಿಕ್ಕಿದ ದಿನ ಸಂಜೆಯೂ ಅವರ ಫೋನು ಬಂತು. "ಅಳಿಯಂದ್ರೇ, ನಿಮ್ಮನೆಯವ್ಳಿಗೆ ಏಳಿ, ನಾನು ಮಾತ್ರೆ ತಗೊಂಡಿವ್ನಿ ಅಂತ."

ಭಾಗ್ಯ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. "ಊಟಕ್ ಮುಂಚೆ ತಗೊಂಡ್ರಾ, ಆದ್ಮೇಲಾ ಅಂತ ಕೇಳಿ."

ಕೇಳಲು ಬಾಯಿ ತೆರೆದೆ. ಅವಳ ಮುಖ ನೋಡಿದೆ. ಸ್ಕೂಟರಿನ ಹಿಂದೆ ಸುಮ್ಮನೆ ಕೂರುತ್ತಿದ್ದಾಗ ಹೇಗಿರುತ್ತಿತ್ತೋ ಹಾಗೇ ಇತ್ತು. ನನ್ನ ಕೈಲಾಗಲಿಲ್ಲ. "ಮಾವ, ಅವಳು ಇಲ್ಲೇ ಇದ್ದಾಳೆ, ಒಂದ್ನಿಮಿಷ" ಎಂದು ಫೋನನ್ನು ಅವಳ ಕೈಗೆ ತುರುಕಿದೆ.

ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಫೋನನ್ನು ಕಿವಿಗಿಟ್ಟುಕೊಂಡಳು. ಒಲೆಯ ಮೇಲೆ ಕುಕ್ಕರು ಕೂಗಿತು. ಅವಳು ಅತ್ತ ತಿರುಗಲೂ ಇಲ್ಲ. ಆಮೇಲೆ ಆ ಕಡೆಯಿಂದ ಅವರು ಏನೋ ಒಂದೇ ಮಾತು ಕೇಳಿದರು. ಏನು ಕೇಳಿದರೋ ನನಗೆ ಕೇಳಿಸಲಿಲ್ಲ. ಭಾಗ್ಯ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇನ್ನೂ ಇಲ್ಲ ಅಪ್ಪಾ" ಎಂದಳು. "ಬಸ್ಸಾರು ಮಾಡಿದೀನಿ. ನೀನು ಉಂಡ್ಯಾ?"